ಜಾಗದ ಕಷ್ಟ

"ನಿಮ್ಮ ಕಷ್ಟ ಬೇಡ, ಜಾಗದ ಕಷ್ಟ ಹೇಳಿ," ಎಂದರು ಕಟ್ಟಡ ಪರವಾನಗಿಯ ಅಧಿಕಾರಿ, ಅರ್ಜಿಯ ಮೇಲೆ ಪೆನ್ನು ಕುಟ್ಟುತ್ತ.

ಟೈಲರ್ ಕಕ್ಕಾಬಿಕ್ಕಿಯಾದ. ಹೆಂಡತಿಯ ಡಾಕ್ಟರ್ ಚೀಟಿಗಳನ್ನೆಲ್ಲ ಇಸ್ತ್ರಿ ಹಾಕಿದಷ್ಟು ನೀಟಾಗಿ ಮಡಿಸಿ ತಂದಿದ್ದ ಪುಣ್ಯಾತ್ಮ. ಅವಳ ಬಲಗಾಲು ಸ್ವಾಧೀನ ತಪ್ಪಿ ಎರಡು ವರ್ಷ. ಮನೆ ಮಹಡಿಯ ಮೇಲೆ, ಕೆಳಗೆಲ್ಲ ಅಂಗಡಿ, ನಡುವೆ ಒಬ್ಬರೇ ಹಿಡಿಸುವಷ್ಟು ಕಿರಿದಾದ ಮೆಟ್ಟಿಲು. ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಕೊಟ್ಟರೆ ಕೋಲೂರಿಕೊಂಡಾದರೂ ಹೊರಗೆ ನಾಲ್ಕು ಹೆಜ್ಜೆ ಇಟ್ಟಾಳು. ಆದರೆ ಕಾಂಪೌಂಡಿನಿಂದ ಆರಡಿ ಬಿಟ್ಟೇ ಕಟ್ಟಬೇಕಂತೆ. ಅಷ್ಟು ಬಿಟ್ಟರೆ ಉಳಿಯುವ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯದು. ಮೂರಡಿ ವಿನಾಯಿತಿ ಕೊಡಿ ಎಂಬುದಷ್ಟೇ ಅವನ ಅರ್ಜಿ.

ಅಧಿಕಾರಿ ಕೆಟ್ಟವರೇನಲ್ಲ. ವಿನಾಯಿತಿ ಕೊಡುವುದು ಜಾಗ ನೋಡಿ, ಜನ ನೋಡಿ ಅಲ್ಲ. ನಿವೇಶನ ಸೊಟ್ಟಗಿರಬೇಕು, ಇಲ್ಲವೇ ಬಂಡೆಯೋ ಹಳ್ಳವೋ ಇರಬೇಕು ಎಂದು ಬಿಡಿಸಿ ಹೇಳಿದರು. ಇವನ ನಿವೇಶನವೋ, ಗೆರೆ ಎಳೆದು ಕತ್ತರಿಸಿದ ಹಾಗೆ ಚೌಕ.

ಟೈಲರ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ಸ್ವಾಮಿ, ನಾವೂ ಹೊಲಿಗೆ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ತೀವಿ. ಯಾಕೆ? ಮೈ ಬದಲಾದಾಗ ಬಿಚ್ಚೋದಕ್ಕೆ. ಹೋದ ತಿಂಗಳು ನಿಮ್ಮ ಪ್ಯಾಂಟಿನ ಸೊಂಟ ಸಡಿಲ ಮಾಡಿಕೊಟ್ಟೋನೂ ನಾನೇ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಅರ್ಜಿಯ ಒಂದು ಖಾಲಿ ಸಾಲಿನ ಮೇಲೆ ಬೆರಳಿಟ್ಟರು. "ಇದು ತುಂಬದೆ ಸಮಿತಿ ಮುಂದೆ ಇಡೋಕೇ ಆಗಲ್ಲಪ್ಪ. ಜಾಗಕ್ಕೇನು ಕಷ್ಟ?"

ಟೈಲರ್‌ಗೆ ಹೆಂಡತಿ ಕಣ್ಮುಂದೆ ಬಂದಳು. ದಿನಾ ಸಂಜೆ ಅವನು ಹಿತ್ತಲಿಗೆ ನೀರು ಚಿಮುಕಿಸುವಾಗ ಮೇಲಿನ ಕಿಟಕಿಯಿಂದ ಕರೆಯುತ್ತಾಳೆ: "ರೀ, ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ. ಈಗ ಹೇಳಿ, ತಣ್ಣಗಿದೆಯಾ?" ತಣ್ಣಗಿದೆ ಕಣೇ ಎಂದರೆ ಸಾಕು, ಕಣ್ಣು ಮುಚ್ಚಿ ಕೂತುಬಿಡುತ್ತಾಳೆ. ಹೆಂಡತಿಯ ಆಸೆ ಹಾಗಿರಲಿ, ಈಚೆಗೆ ಬರಿಗಾಲಲ್ಲಿ ನಿಂತಾಗ ಆ ಮಣ್ಣೂ ತನ್ನನ್ನು ಏನೋ ಕೇಳಿದಂತಾಗುತ್ತದೆ.

ಅವನು ಚೀಟಿಗಳನ್ನೆಲ್ಲ ತಿರುಗಿ ಚೀಲಕ್ಕೆ ಹಾಕಿದ.

"ಜಾಗದ ಕಷ್ಟ ಬರ್ಕೊಳ್ಳಿ ಸ್ವಾಮಿ," ಎಂದ. "ಎರಡು ವರ್ಷ ಆಯ್ತು, ಅವಳು ಅದರ ಮೇಲೆ ಕಾಲಿಟ್ಟಿಲ್ಲ."