ಹಿಂಬದಿಯ ಗೇಟು

"ಇನ್ನೂ ಸ್ವಲ್ಪ ಒರಟಾಗಿ ಬರಲಿ ತಾಯಿ," ಎಂದರು ಮೇಷ್ಟ್ರು. "ನೀವು ಓದಿದ್ದು ಊಟಕ್ಕೆ ಕರೆದ ಹಾಗಿತ್ತು. ಇದು ಜನರನ್ನ ಸಾವಿಗೆ ಕಳಿಸ್ತಿರೋ ದನಿ."

ಗಾಜಿನ ಈಚೆ, ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆಯಲ್ಲಿ, ಅವಳು ನೂರ ನಲವತ್ತೆರಡನೇ ಪುಟವನ್ನು ಮತ್ತೆ ಮೊದಲಿನಿಂದ ಹಿಡಿದಳು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಕೈಗಡಿಯಾರ, ಕಿವಿಯ ಲೋಲಾಕು ಮೇಜಿನ ಮೂಲೆಯಲ್ಲಿ ಕರವಸ್ತ್ರದ ಮೇಲಿದ್ದವು. ಪುಟ ಮಗುಚುವ ಸಪ್ಪಳವೂ ಮೈಕಿಗೆ ಕೇಳುವುದರಿಂದ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿಕೊಂಡಿದ್ದಳು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಡುವುದು ಅವಳ ಕೆಲಸ.

ಕಾದಂಬರಿ ಮೇಷ್ಟ್ರದೇ. ಹದಿನಾರು ವರ್ಷದ ಹಿಂದೆ ಮುಷ್ಕರ ಹೂಡಿದ್ದ ಶಿಕ್ಷಕರು ಹೆಂಡತಿ ಮಕ್ಕಳ ಸಮೇತ ರೈಲು ನಿಲ್ದಾಣದಲ್ಲಿ ಸೇರಿದ್ದರು. ಹಿಂಬದಿಯ ಗೇಟಿನಿಂದ ಹೊರಡಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಆ ಗೇಟಿನಾಚೆ ಪೊಲೀಸರು ಬಂದೂಕು ಹಿಡಿದು ಕಾದಿದ್ದರು. ಹನ್ನೊಂದು ಜನ ಸತ್ತರು. ಇಷ್ಟು ಊರಿಗೆಲ್ಲ ಗೊತ್ತಿದ್ದದ್ದು. ಕಾದಂಬರಿಯಲ್ಲಿ ಈ ಕಥೆಯನ್ನು ಹೇಳುವವನು ಒಬ್ಬ ಶಿಕ್ಷಕ. ಧ್ವನಿವರ್ಧಕದ ದನಿ ಅವನಿಗೆ ತಗಡು ಕೆರೆದ ಹಾಗೆ ಕೇಳಿಸುತ್ತದೆ. ಕೇಳಿದ ಕೂಡಲೇ ಮೋಸ ಹೊಳೆಯುತ್ತದೆ. ಬೆಂಚು ಹತ್ತಿ 'ಹೋಗಬೇಡಿ' ಎಂದು ಕೂಗುತ್ತಾನೆ. ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ.

ಅವಳು ಗಂಟಲು ಬಿಗಿಹಿಡಿದು ಓದಿದಳು. ಗಾಜಿನಾಚೆ ಕೂತ ರೆಕಾರ್ಡಿಂಗಿನವನು ಹೊಟ್ಟೆ ಕುಲುಕಿಸಿ ನಕ್ಕ.

"ಅಕ್ಕ, ಇದು ನಿಮ್ಮ ಕೈಲಿ ಆಗೋದಲ್ಲ ಬಿಡಿ. ಬ್ಯಾಂಕಿಗೆ ಫೋನ್ ಮಾಡಿದ್ರೆ ರೆಕಾರ್ಡಿಂಗಲ್ಲಿ ನೀವೇ 'ದಯವಿಟ್ಟು ಕಾಯಿರಿ' ಅಂತೀರಲ್ಲ, ಇಪ್ಪತ್ತು ನಿಮಿಷ ಕಾದ್ರೂ ನನಗೆ ಕೋಪಾನೇ ಬರಲ್ಲ. ನಮ್ಮನೆಯವಳಿಗೆ ಅದೇ ಕೋಪ."

ಮೇಷ್ಟ್ರು ನಗಲಿಲ್ಲ. "ನಾನು ಅಲ್ಲೇ ಇದ್ದೆ ಕಣಪ್ಪ. ಇದೇ ಕಿವೀಲಿ ಕೇಳಿದೀನಿ. ತಗಡು ಕೆರೆದ ಹಾಗೇ ಇತ್ತು."

ಅವಳೂ ಅಲ್ಲೇ ಇದ್ದಳು. ನಿಲ್ದಾಣದ ಮಹಡಿಯ ಮೇಲೆ, ರೈಲುಗಳ ವೇಳೆ ಹೇಳುವ ಕೋಣೆಯಲ್ಲಿ, ಮೈಕಿನ ಮುಂದೆ. ಆ ದನಿ ಅವಳದು. ಅಧಿಕಾರಿಯೊಬ್ಬ ಚೀಟಿ ತಂದು ಕೊಟ್ಟಿದ್ದ, ಎರಡೇ ಸಾಲು. ಕೋಣೆಗೆ ಎರಡು ಕಿಟಕಿ. ಒಂದರಲ್ಲಿ ಪ್ಲಾಟ್‌ಫಾರಂ, ಇನ್ನೊಂದರಲ್ಲಿ ಹಿಂಬದಿಯ ಗೇಟು. ಗೇಟಿನಾಚೆ ವ್ಯಾನುಗಳು ಸಾಲಾಗಿ ನಿಂತದ್ದನ್ನು ಅವಳು ಕಂಡಿದ್ದಳು. ಯಾಕೆ ಎಂದು ಕೇಳಲಿಲ್ಲ. ದಿನಕ್ಕೆ ನೂರು ಚೀಟಿ ಓದುವವಳು ಯಾವ ಚೀಟಿಗೂ ಯಾಕೆ ಎಂದು ಕೇಳಿದವಳಲ್ಲ. ಎರಡು ಸಲ ಓದಿದರೂ ಜನ ಹಿಂದೆಮುಂದೆ ನೋಡುತ್ತಿದ್ದರು. ಮೂರನೇ ಸಲ, ಯಾರೂ ಹೇಳದೆ ತಾನಾಗಿಯೇ, ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿದಳು. ಜನ ಹೊರಟರು.

ಆಮೇಲೆ ನಿಲ್ದಾಣಕ್ಕೆ ವೇಳೆ ಹೇಳುವ ಯಂತ್ರ ಬಂತು, ಅವಳ ಕೆಲಸ ಹೋಯಿತು. ಅವಳ ಹೆಸರು ಯಾವ ವರದಿಯಲ್ಲೂ ಬರಲಿಲ್ಲ. ಈಗ ಈ ಪುಸ್ತಕವೂ ಅವಳಿಗೆ ಅನುಕೂಲವಾಗಿಯೇ ಇತ್ತು. ತಗಡಿನ ದನಿಯಲ್ಲಿ ಅವಳನ್ನು ಯಾರು ಗುರುತು ಹಿಡಿದಾರು? ಗಂಟಲು ಕೆರೆದುಕೊಂಡು ಇನ್ನೊಂದು ಸಲ ಓದಿದರೆ ಮುಗಿದುಹೋಗುತ್ತಿತ್ತು.

ಅವಳು ಒಂದು ಗುಟುಕು ನೀರು ಕುಡಿದಳು. "ಸಾರ್, ಒಂದೇ ಸಲ ನನ್ನ ದನಿಯಲ್ಲಿ ಓದ್ತೀನಿ. ಬೇಡ ಅನ್ನಿಸಿದ್ರೆ ಅಳಿಸಿಬಿಡಿ."

"ಅಷ್ಟು ಇಂಪಾಗಿ ಹೇಳಿದ್ರೆ ಅದು ಮೋಸ ಅಂತ ಬೆಂಚಿನ ಮೇಲಿರೋನಿಗೆ ಹೇಗಮ್ಮ ಗೊತ್ತಾಗತ್ತೆ?"

"ಗೊತ್ತಾಗಲ್ಲ ಸಾರ್," ಎಂದಳು.

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರೆಕಾರ್ಡಿಂಗಿನವನು ಕೆಂಪು ದೀಪ ಹೊತ್ತಿಸಿಬಿಟ್ಟಿದ್ದ.

"ಪ್ರಯಾಣಿಕರ ಗಮನಕ್ಕೆ. ಯಾರೂ ಗಾಬರಿಯಾಗಬೇಡಿ. ಮಕ್ಕಳ ಕೈ ಹಿಡಿದುಕೊಳ್ಳಿ. ದಯವಿಟ್ಟು ಹಿಂಬದಿಯ ಗೇಟಿನಿಂದ ಸಾವಕಾಶವಾಗಿ ಹೊರಡಿ."

ಮಕ್ಕಳ ಕೈ ಹಿಡಿದುಕೊಳ್ಳಿ ಎಂಬುದು ಪುಟದಲ್ಲಿರಲಿಲ್ಲ. ಅಧಿಕಾರಿಯ ಚೀಟಿಯಲ್ಲೂ ಇರಲಿಲ್ಲ. ಅಂದು ಮೂರನೇ ಸಲ ಓದುವಾಗ ಅವಳೇ ಸೇರಿಸಿದ್ದ ಮಾತು ಅದು.

ಗಾಜಿನಾಚೆ ಮೇಷ್ಟ್ರ ಪೆನ್ಸಿಲು ಹಾಳೆಯ ಮೇಲೆ ನಿಂತುಬಿಟ್ಟಿತು. ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

"ಈಗ ಬಂತು ನೋಡಿ!" ಎಂದ ರೆಕಾರ್ಡಿಂಗಿನವನು. "ಈ ದನಿಗೆ ನಾನಾಗಿದ್ರೂ ಹೋಗ್ತಿದ್ದೆ ಸಾರ್, ನಮ್ಮನೆಯವಳನ್ನೂ ಎಳ್ಕೊಂಡು. ಹಾಂ, ಮುಂದೆ ಓದಿ ಅಕ್ಕ."

ಮುಂದಿನ ಸಾಲು ಅವಳ ಬೆರಳ ಕೆಳಗಿತ್ತು: 'ನಾನು ಬೆಂಚು ಹತ್ತಿ, ಹೋಗಬೇಡಿ, ಹೋಗಬೇಡಿ ಎಂದು ಕೂಗಿದೆ.' ಅವಳು ಓದದೆ ಕಾದಳು.

ಮೇಷ್ಟ್ರು ತಾವೇ ಬಗ್ಗಿ, ಗಾಜಿನ ಒಳಗೆ ಮಾತು ಕೇಳಿಸುವ ಗುಂಡಿ ಒತ್ತಿದರು. ಅವರ ಉಸಿರು ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿಸಿತು.

"ಆ ಸಾಲು ಬೇಡ," ಎಂದರು. ಹಾಳೆಯಲ್ಲಿ ಅದನ್ನು ಪೆನ್ಸಿಲಿನಿಂದ ಹೊಡೆದುಹಾಕಿ, "ಬೆಂಚು ಹತ್ತಿದ್ದು ನಿಜ ತಾಯಿ. ಸಾಲಾಗಿ ಹೋಗಿ, ನೂಕಬೇಡಿ ಅಂತ ಕೂಗಿದ್ದೆ."