ಅವ್ವನ ಲಟ್ಟಣಿಗೆಯ ಅಂಚೆವೆಚ್ಚ

೨೦೬೧ರ ಮಾರ್ಚ್ ೪, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ತೀರಿಹೋದ ಅವ್ವನ ಲಟ್ಟಣಿಗೆಯನ್ನು ತಮ್ಮ ಗುರುಪಾದ ಆನ್‌ಲೈನ್ ಹರಾಜಿಗೆ ಇಟ್ಟಿದ್ದ. ಅದನ್ನು ಕೊಂಡ ಅಕ್ಕ ಮಹಾನಂದಾ, ಪಾರ್ಸೆಲ್ ಬಂದೊಡನೆ ಅವನಿಗೆ ಫೋನ್ ಮಾಡಿದಳು. ಎತ್ತುವವರಿಗೆ ವಸ್ತುವಿನ ಮೇಲೆ ಎಷ್ಟು ಮಮತೆಯೋ, ಅದು ಅಷ್ಟು ಭಾರವಾಗುವ ಕಾಲವದು. ಅಕ್ಕರೆಯ ಸಾಮಾನಿಗೆ ಅಂಚೆವೆಚ್ಚವೇ ಸಾವಿರ ದಾಟುತ್ತಿತ್ತು.

“ಅಂಚೆವೆಚ್ಚ ಬರೇ ನಲವತ್ತು ರೂಪಾಯಿ ಹಾಕೀಯಲ್ಲೋ, ನಾಚ್ಕಿ ಬರಂಗಿಲ್ಲೇನು? ಅವ್ವನ ಸಾಮಾನು ನಿನ್ನ ಕೈಯಾಗ ಭಾರನ ಆಗ್ಲಿಲ್ಲ?”

“ಕಟ್ಟಿಗಿ ತೂಕ ಅಷ್ಟ ಬಂತಕ್ಕ, ಇನ್ನೂರ ಹತ್ತು ಗ್ರಾಂ. ಬೇಕಾದ್ರ ನೀನ ತೂಗಿ ನೋಡು.”

“ತೂಗ್ತೀನಿ, ನಿನ್ನ ಮಾರಿಗಿ ಹಿಡೀತೀನಿ!”

ಅಡುಗೆಮನೆಯ ತಕ್ಕಡಿ ಮುರಿದೀತೆಂದು ಅವಳು ಜೋಳದ ಚೀಲ ತೂಗುವ ತಕ್ಕಡಿಯನ್ನೇ ಎಳೆದು ತಂದಳು. ಸೊಂಟಕ್ಕೆ ಸೆರಗು ಬಿಗಿದು, ಪಾರ್ಸೆಲ್ ಬಿಚ್ಚಿ, ಎರಡೂ ಕೈ ಹಾಕಿ ಎತ್ತಿದಳು. ಲಟ್ಟಣಿಗೆ ಸಲೀಸಾಗಿ ಮೇಲೆ ಬಂತು.

ತಕ್ಕಡಿ ತೋರಿಸಿದ್ದು ಇನ್ನೂರ ಹತ್ತು ಗ್ರಾಂ.