ಎರಡು ಗುಡ್ಡೆ ಕೊತ್ತಂಬರಿ

ಇವತ್ತು ನಾನು ಮೊದಲ ಷೇರು ಕೊಂಡ ತಾರೀಖು ಬರೆದಿಡುವಾಗ ಅಡುಗೆಮನೆಯಿಂದ ಹಸಿ ಕೊತ್ತಂಬರಿಯ ವಾಸನೆ ಬಂತು.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ, ತಮಿಳುನಾಡಿನ ಸೂಳಗಿರಿಯ ನಮ್ಮ ಜಗಲಿಯಲ್ಲಿ ಅಜ್ಜಿ, ದೊಡ್ಡಪ್ಪ ಕೊತ್ತಂಬರಿ ಕಟ್ಟುತ್ತಿದ್ದರು. ಫ್ಯಾಕ್ಟರಿ ಕೆಲಸದ ಅಪ್ಪ ಬೆಳಿಗ್ಗೆ ಗೆಳೆಯನಿಗೆ ಫೋನಿನಲ್ಲಿ, ಷೇರು ಕೊಂಡೆ ಅನ್ನುವುದನ್ನು ತಮಿಳಿನಲ್ಲಿ "ಪಂಗು ವಾಂಗಿಟ್ಟೇನ್" ಎಂದಿದ್ದರು. ತಮಿಳು ಶಾಲೆಯಲ್ಲಿ ಓದುತ್ತಿದ್ದ ನಾನು ಜಾಣತನ ತೋರಿಸಲು ಅದನ್ನು ಕನ್ನಡ ಮಾಡಿದೆ: "ಅಪ್ಪ ಪಾಲು ತಗೊಂಡ್ರಂತೆ."

ದೊಡ್ಡಪ್ಪನ ಕೈ ನಿಂತಿತು. "ಒಂದ್ ಮಾತು ಕೇಳ್ದೆ ಪಾಲಿಗೆ ಹೋಗ್ಬುಟ್ನಾ?"

"ಸುಮ್ಕಿರ್ಲಾ, ಮಗು ಏನೋ ಅಂತೈತೆ. ಯಾವ ಪಾಲು ಮಗಾ?" ಎಂದಳು ಅಜ್ಜಿ.

ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. "ನಮ್ದು" ಎಂದೆ.

ದೊಡ್ಡಪ್ಪ ಕಟ್ಟುಗಳನ್ನೆಲ್ಲ ಎರಡು ಗುಡ್ಡೆ ಮಾಡಿದರು. ಒಂದನ್ನು ನಮ್ಮ ಕೋಣೆಯ ಬಾಗಿಲಿಗೆ ಸರಿಸಿದರು.

ಸಂಜೆ ಕೆಲಸದಿಂದ ಬಂದ ಅಪ್ಪ ವಿಷಯ ಕೇಳಿ, ಫೋನು ತೋರಿಸಿ ನಕ್ಕರು. "ಅಣ್ಣಾ, ಇದು ಕಂಪನಿ ಪಾಲು, ಹೊಲದ್ದಲ್ಲ."

"ಮೊದ್ಲೇ ಹೇಳ್ಬಾರ್ದೇನ್ಲಾ?" ದೊಡ್ಡಪ್ಪನೂ ನಕ್ಕರು. ಆದರೆ ಗುಡ್ಡೆಗಳನ್ನು ಕೂಡಿಸಲು ಇಬ್ಬರೂ ಏಳಲಿಲ್ಲ.

ಅವರು ಒಳಗೆ ಹೋದ ಮೇಲೆ ನಾನು ನಮ್ಮ ಬಾಗಿಲಿನಿಂದ ಒಂದೊಂದೇ ಕಟ್ಟು ಎತ್ತಿ ದೊಡ್ಡಪ್ಪನ ಗುಡ್ಡೆಗೆ ಸೇರಿಸಿದೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲವೂ ಬಾಡಿದ್ದವು.